10 ವ್ಯಾಟ್ ಕಳಿಸಿದೆ, ಮೇಲೆ ತಲುಪಿದ್ದು ಎರಡೂವರೆ: ಹ್ಯಾಮ್ ರೇಡಿಯೋ ಆಂಟೆನಾ, ಕೇಬಲ್, ಕನೆಕ್ಟರ್‌ಗಳ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

 

ಹಿಂದಿನ ಸಲ ಹ್ಯಾಮ್ ರೇಡಿಯೋ ಲೈಸೆನ್ಸ್ ಬಗ್ಗೆ ಮಾತಾಡಿದ್ವಿ. ಆಮೇಲೆ ಬಂದ ಮೆಸೇಜ್‌ಗಳಲ್ಲಿ ಹೆಚ್ಚಿನವರದ್ದು ಒಂದೇ ಪ್ರಶ್ನೆ: "ಯಾವ ಸೆಟ್ ತಗೊಳ್ಳಲಿ?" ಒಬ್ಬರೂ "ಯಾವ ಕೇಬಲ್ ತಗೊಳ್ಳಲಿ?" ಅಂತ ಕೇಳಲಿಲ್ಲ. ಬೈತಾ ಇಲ್ಲ, ನಾನೂ ಕೇಳಿರಲಿಲ್ಲ. ಕೇಳದೇ ಇದ್ದಿದ್ದಕ್ಕೆ ಏನಾಯ್ತು ಅನ್ನೋದರಿಂದಲೇ ಶುರು ಮಾಡ್ತೀನಿ.

ನಮ್ಮದು ಮೂರು ಮಹಡಿ ಮನೆ. ನನ್ನ ರೂಮು ಕೆಳಗೆ, ಆಂಟೆನಾ ತಾರಸಿ ಮೇಲೆ. ಉಳಿತಾಯದ ದುಡ್ಡೆಲ್ಲ ಸೇರಿಸಿ ಒಳ್ಳೆ ಸೆಟ್ ತಗೊಂಡೆ. ಕೈಯಲ್ಲಿ ಉಳಿದ ಚಿಲ್ಲರೆಯಲ್ಲಿ 30 ಮೀಟರ್ ತೆಳ್ಳನೆ ಕೇಬಲ್ ತಂದೆ. ಅಂಗಡಿಯವರನ್ನ ದೂರೋ ಹಾಗಿಲ್ಲ, "ಇರೋದರಲ್ಲಿ ಅಗ್ಗದ್ದು ಕೊಡಿ" ಅಂದವಳು ನಾನೇ. ಮೊದಲ ತಿಂಗಳು ಹೇಗೋ ನಡೀತು. ಮಳೆಗಾಲ ಶುರುವಾದ ಮೇಲೆ ನಾನು ಕರೆದ್ರೆ ಯಾರೂ ಉತ್ತರ ಕೊಡ್ತಿಲ್ಲ. ಆದ್ರೆ ಮೀಟರ್ ನೋಡಿದ್ರೆ, ಆಂಟೆನಾ ಹಿಂದೆಂದಿಗಿಂತ ಚೆನ್ನಾಗಿದೆ ಅಂತ ತೋರಿಸ್ತಾ ಇದೆ! ಸೆಟ್ ಕೆಟ್ಟಿದೆ ಅಂದ್ಕೊಂಡು ರಿಪೇರಿಗೆ ಕೊಡೋಕೆ ಹೊರಟಿದ್ದೆ.

ನಮ್ಮ ಬೀದಿಯಲ್ಲಿ ಹಳೇ ಹ್ಯಾಮ್ ಒಬ್ಬರಿದ್ದಾರೆ. ನಾವೆಲ್ಲ ಅಂಕಲ್ ಅಂತೀವಿ. ಅವರು ಬಂದು ಸೆಟ್ ಮುಟ್ಟಲೇ ಇಲ್ಲ. ಸೀದಾ ತಾರಸಿಗೆ ಹೋಗಿ ಕೇಬಲ್‌ನಿಂದ ಆಂಟೆನಾ ಬಿಚ್ಚಿಟ್ಟರು. ಫೋನ್ ಮಾಡಿ, "ಪವರ್ ಪೂರ್ತಿ ಇಳಿಸಿ ಒಂದು ಸೆಕೆಂಡ್ ಬಟನ್ ಒತ್ತಮ್ಮಾ, ಮೀಟರ್ ಏನು ಹೇಳತ್ತೆ?" ಅಂದ್ರು.

"1.2 ಅಂತಿದೆ ಅಂಕಲ್. ತುಂಬಾ ಚೆನ್ನಾಗಿದೆ."

"ಆಂಟೆನಾ ನನ್ನ ಕೈಯಲ್ಲಿದೆ ಕಣಮ್ಮಾ. ಮೇಲೆ ಏನೂ ಇಲ್ಲ. ನಿನ್ನ ಮೀಟರ್ ಯಾತಕ್ಕೆ ಅಷ್ಟು ಖುಷಿಯಾಗಿದೆ ಅಂತ ಯೋಚನೆ ಮಾಡು."

ಇವತ್ತಿನ ಸಂಚಿಕೆ ಪೂರ್ತಿ ಆ ಪ್ರಶ್ನೆಗೆ ಉತ್ತರ. ಒಂದು ವಿನಂತಿ: ಮಧ್ಯದಲ್ಲಿ ಬೇಜಾರಾದ್ರೆ ಫಾರ್ವರ್ಡ್ ಮಾಡಿ, ಆದ್ರೆ ಕಂಬ ನಿಲ್ಲಿಸೋದರ ಬಗ್ಗೆ ಇರೋ ಕೊನೆಯ ಭಾಗ ಬಿಡಬೇಡಿ. ಅಲ್ಲಿ ಹೋಗೋದು ಸಿಗ್ನಲ್ ಅಲ್ಲ, ಜೀವ.

ಮೊದಲು, ಹೊಸಬರಿಗಾಗಿ ಎರಡು ಮಾತು

ಹ್ಯಾಮ್ ರೇಡಿಯೋ ಅಂದ್ರೆ ಹವ್ಯಾಸಿಗಳು ಸ್ವಂತ ರೇಡಿಯೋ ಕೇಂದ್ರದಿಂದ ಒಬ್ಬರಿಗೊಬ್ಬರು ನೇರವಾಗಿ ಮಾತಾಡೋದು. ಮಧ್ಯದಲ್ಲಿ ಮೊಬೈಲ್ ಕಂಪನಿ ಇಲ್ಲ, ಡೇಟಾ ಪ್ಯಾಕ್ ಇಲ್ಲ. ಇದಕ್ಕೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಪರೀಕ್ಷೆ ಪಾಸಾಗಿ ಲೈಸೆನ್ಸ್ ತಗೋಬೇಕು. 12 ವರ್ಷ ತುಂಬಿದವರು ಬರೀಬಹುದು. ಲೈಸೆನ್ಸ್ ಬರೋಕೆ ಮುಂಚೆ ಬಟನ್ ಒತ್ತಿ ಮಾತಾಡಬೇಡಿ, ಅದು ಅಪರಾಧ.

ಮೊಬೈಲ್ ಇರೋವಾಗ ಇದೆಲ್ಲ ಯಾಕೆ ಅಂತೀರಾ? 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಅನ್ನೋ ಹ್ಯಾಮ್ ತಮ್ಮ ತಂಡದ ಜೊತೆ ಅಂಡಮಾನ್‌ನ ಪೋರ್ಟ್ ಬ್ಲೇರ್‌ಗೆ ಹೋಗಿದ್ರು. ಹವ್ಯಾಸಕ್ಕಾಗಿ ಹೋಗಿದ್ದು, ಬೇರೇನಿಲ್ಲ. 26ನೇ ತಾರೀಖು ಸುನಾಮಿ ಬಂತು. ಫೋನ್‌ಗಳು ಸತ್ತವು. ಆಗ ದ್ವೀಪದಿಂದ ಮುಖ್ಯಭೂಮಿಗೆ ಸುದ್ದಿ ದಾಟಿಸಿದ್ದು ಅವರ ರೇಡಿಯೋ. ಅಂಥ ದಿನ ಕೆಲಸಕ್ಕೆ ಬರೋದು ಸೆಟ್‌ನ ಮೇಲಿರೋ ಹೆಸರಲ್ಲ. ಹೊರಗಡೆ ಮಳೆ ಗಾಳಿಯಲ್ಲಿ ನಿಂತಿರೋ ತಂತಿ, ಕೇಬಲ್, ಕನೆಕ್ಟರ್.

ಕೇಬಲ್: ಸೋರಿಕೆಯ ಖಾತೆ

ನಾನು ಬಿ.ಕಾಂ. ಓದಿದವಳು. ನನಗೆ ಅರ್ಥವಾದ ರೀತಿಯಲ್ಲೇ ಹೇಳ್ತೀನಿ. ಸೆಟ್ ಅಂದ್ರೆ ಆದಾಯ. ಆಂಟೆನಾ ಅಂದ್ರೆ ಆ ದುಡ್ಡು ಕೆಲಸ ಮಾಡೋ ಜಾಗ. ಮಧ್ಯದ ಕೇಬಲ್ ಅಂದ್ರೆ ಕಮಿಷನ್ ತಿನ್ನೋ ಮಧ್ಯವರ್ತಿ. ಅವನು ಎಷ್ಟು ತಿಂತಾನೆ ಅನ್ನೋದನ್ನ ಡೆಸಿಬಲ್‌ನಲ್ಲಿ, ಅಂದ್ರೆ ಡಿಬಿಯಲ್ಲಿ ಬರೀತಾರೆ. ನೆನಪಿಡಬೇಕಾದ್ದು ಮೂರೇ ಸಾಲು: 3 ಡಿಬಿ ಹೋದ್ರೆ ಅರ್ಧ ಉಳೀತು. 6 ಡಿಬಿ ಹೋದ್ರೆ ಕಾಲು ಭಾಗ. 10 ಡಿಬಿ ಹೋದ್ರೆ ಹತ್ತರಲ್ಲಿ ಒಂದು.

ಈಗ ನನ್ನ ಲೆಕ್ಕ ನೋಡಿ. ನಮ್ಮ ದೇಶದಲ್ಲಿ ಹೊಸ ಹ್ಯಾಮ್‌ಗಳು ಹೆಚ್ಚಾಗಿ ಶುರು ಮಾಡೋದು 144ರಿಂದ 146 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ. ನಾನು ತಂದಿದ್ದು ಆರ್‌ಜಿ-58, ಸುಮಾರು 5 ಮಿಲಿಮೀಟರ್ ದಪ್ಪದ ಕೇಬಲ್. ಈ ಬ್ಯಾಂಡ್‌ನಲ್ಲಿ 30 ಮೀಟರ್‌ಗೆ ಸುಮಾರು 6 ಡಿಬಿ ತಿನ್ನುತ್ತೆ. 10 ವ್ಯಾಟ್ ಕಳಿಸಿದ್ರೆ ಮೇಲೆ ತಲುಪೋದು ಎರಡೂವರೆ ವ್ಯಾಟ್. ಉಳಿದ ಏಳೂವರೆ ಕೇಬಲ್ ಬಿಸಿ ಮಾಡೋಕೆ ಹೋಯ್ತು.

ಅದೇ 30 ಮೀಟರ್ ಆರ್‌ಜಿ-213 ಹಾಕಿದ್ರೆ? ಅದು ಸುಮಾರು 10 ಮಿಲಿಮೀಟರ್ ದಪ್ಪ. ನಷ್ಟ 2.7 ಡಿಬಿ ಆಸುಪಾಸು. 10ರಲ್ಲಿ 5.4 ವ್ಯಾಟ್ ತಲುಪುತ್ತೆ. ಹೆಚ್ಚುಕಡಿಮೆ ಅಷ್ಟೇ ದಪ್ಪದ ಎಲ್‌ಎಂಆರ್-400 ಜಾತಿಯ ಕೇಬಲ್ ಆದ್ರೆ ನಷ್ಟ ಒಂದೂವರೆ ಡಿಬಿ, ತಲುಪೋದು 7 ವ್ಯಾಟ್. ಸೆಟ್ ಅದೇ, ಆಂಟೆನಾ ಅದೇ, ಬದಲಾಗಿದ್ದು ಕೇಬಲ್ ಮಾತ್ರ.

"ಹಾಗಿದ್ರೆ ಆಂಪ್ಲಿಫೈಯರ್ ಹಾಕಿ ಪವರ್ ಹೆಚ್ಚಿಸಿದ್ರಾಯ್ತು" ಅನ್ನೋರಿದ್ದಾರೆ. ಲೈಸೆನ್ಸ್‌ನಲ್ಲಿ ಪವರ್ ಮಿತಿ ಇದೆ, ಅದು ಒಂದು. ಇನ್ನೊಂದು, ಕೇಬಲ್ ಹೋಗೋ ಸಿಗ್ನಲ್‌ನಷ್ಟೇ ಬರೋ ಸಿಗ್ನಲ್ಲನ್ನೂ ತಿನ್ನುತ್ತೆ. ಜೋರಾಗಿ ಕೂಗ್ತೀರಿ ಸರಿ, ಎದುರಿನವರು ಹೇಳಿದ್ದು ಕೇಳಿಸಬೇಕಲ್ಲ?

ಇಲ್ಲಿ ದುಡ್ಡು ಉಳಿಸೋ ದಾರಿಯೂ ಇದೆ. ಎಲ್ಲಕ್ಕಿಂತ ಒಳ್ಳೆ ಕೇಬಲ್ ಅಂದ್ರೆ ಚಿಕ್ಕ ಕೇಬಲ್. ಕೊನೆಗೆ ನಾನು ಮಾಡಿದ್ದು ಅದನ್ನೇ. ಸೆಟ್ಟನ್ನ ಮೇಲಿನ ಮಹಡಿಯ ಮೂಲೆಗೆ ಸಾಗಿಸಿದೆ. 10 ಮೀಟರ್ ಸಾಕಾಯ್ತು. ಅದೇ ಆರ್‌ಜಿ-58ರಲ್ಲೂ 10 ಮೀಟರ್‌ಗೆ ನಷ್ಟ 2 ಡಿಬಿ, ಮೇಲೆ ತಲುಪೋದು 6 ವ್ಯಾಟ್‌ಗಿಂತ ಹೆಚ್ಚು. ಖರ್ಚಾಗಿದ್ದು ಟೇಬಲ್ ಎತ್ತೋಕೆ ಬಂದ ತಮ್ಮನಿಗೆ ಒಂದು ಮಸಾಲೆ ದೋಸೆ.

ಇನ್ನೊಂದು ವಿಷಯ. ಈ ನಷ್ಟ ಫ್ರೀಕ್ವೆನ್ಸಿ ಜೊತೆ ಏರುತ್ತೆ. 7 ಮೆಗಾಹರ್ಟ್ಸ್‌ನಲ್ಲಿ ಮಾತಾಡೋರಿಗೆ ಅದೇ 30 ಮೀಟರ್ ಆರ್‌ಜಿ-58 ತಿನ್ನೋದು ಬರೀ 1 ಡಿಬಿ ಆಸುಪಾಸು. ಅಲ್ಲಿ ದಪ್ಪ ಕೇಬಲ್‌ಗೆ ದುಡ್ಡು ಸುರಿಯೋ ಅಗತ್ಯವಿಲ್ಲ. ಹಾಗಾಗಿ "ಯಾವ ಕೇಬಲ್ ಒಳ್ಳೇದು?" ಅಂತ ಕೇಳಬೇಡಿ. "ಯಾವ ಫ್ರೀಕ್ವೆನ್ಸಿ, ಎಷ್ಟು ಉದ್ದ?" ಅಂತ ಕೇಳ್ಕೊಳ್ಳಿ.

ಮನೆಯಲ್ಲಿ ಬಿದ್ದಿರೋ ಡಿಶ್ ಕೇಬಲ್ ಹಾಕಬಹುದಾ? ಇದನ್ನ ತುಂಬಾ ಜನ ಕೇಳ್ತಾರೆ. ಆರ್‌ಜಿ-6 ಅನ್ನೋ ಆ ಕೇಬಲ್ 75 ಓಮ್, ನಮ್ಮ ಸೆಟ್‌ಗಳು 50 ಓಮ್. ಹೊಂದಾಣಿಕೆ ಸ್ವಲ್ಪ ತಪ್ಪುತ್ತೆ, ಆದ್ರೆ ಪ್ರಳಯ ಏನಾಗಲ್ಲ. ನಷ್ಟದ ಲೆಕ್ಕದಲ್ಲಿ ಅದು ಆರ್‌ಜಿ-58ಗಿಂತ ವಾಸಿ. ತಲೆನೋವು ಬೇರೆ ಕಡೆ ಇದೆ: ಅದರ ಹೊರ ಜಾಲರಿ ಸಾಮಾನ್ಯವಾಗಿ ಅಲ್ಯೂಮಿನಿಯಂ, ಬೆಸುಗೆ ಹಿಡಿಯಲ್ಲ. ನಮ್ಮ ಕನೆಕ್ಟರ್ ಅದಕ್ಕೆ ಸರಿಯಾಗಿ ಕೂರಲ್ಲ. ಬರೀ ಕೇಳೋದಕ್ಕೆ ಪರವಾಗಿಲ್ಲ, ಮಾತಾಡೋ ಕೇಂದ್ರಕ್ಕೆ ನಾನು ಹಾಕಲ್ಲ.

ಮೀಟರ್ ಯಾಕೆ ಸುಳ್ಳು ಹೇಳ್ತು?

ಈಗ ಅಂಕಲ್ ಕೇಳಿದ ಪ್ರಶ್ನೆಗೆ ಬರೋಣ. ಹ್ಯಾಮ್‌ಗಳು ಆಂಟೆನಾ ಆರೋಗ್ಯ ನೋಡೋದು ಎಸ್‌ಡಬ್ಲ್ಯುಆರ್ ಮೀಟರ್‌ನಿಂದ. ಕಳಿಸಿದ ಪವರ್ ಪೂರ್ತಿ ಆಂಟೆನಾ ತಗೊಂಡ್ರೆ ಮೀಟರ್ 1 ತೋರಿಸುತ್ತೆ. ತಗೊಳ್ಳದೆ ವಾಪಸ್ ಕಳಿಸಿದಷ್ಟೂ ಸಂಖ್ಯೆ ಏರುತ್ತೆ. 1.5 ಅಂದ್ರೆ ನೂರಕ್ಕೆ 4ರಷ್ಟು ವಾಪಸ್, 2 ಅಂದ್ರೆ 11ರಷ್ಟು, 3 ಅಂದ್ರೆ 25ರಷ್ಟು. ಒಂದೂವರೆ ಬಂದಿದ್ರೆ ನಿಶ್ಚಿಂತೆಯಾಗಿರಿ, ಅದನ್ನ 1.1ಕ್ಕೆ ಇಳಿಸೋಕೆ ಭಾನುವಾರವೆಲ್ಲ ಹಾಳು ಮಾಡ್ಕೋಬೇಡಿ.

ಆದ್ರೆ ಮೀಟರ್ ಇರೋದು ಕೆಳಗೆ, ಸೆಟ್ ಪಕ್ಕ. ಕೇಬಲ್‌ನ ಮೇಲಿನ ತುದಿಯಲ್ಲಿ ಆಂಟೆನಾ ಇಲ್ಲ ಅಂದ್ಕೊಳ್ಳಿ. ಮೇಲೆ ತಲುಪಿದ್ದೆಲ್ಲ ವಾಪಸ್ ಬರಬೇಕು. ಹೋಗೋವಾಗ ಕೇಬಲ್ ಒಂದು ಸಲ ಕಮಿಷನ್ ತಿಂದಿದೆ, ಬರೋವಾಗ ಇನ್ನೊಂದು ಸಲ ತಿನ್ನುತ್ತೆ. ಆರು ಪ್ಲಸ್ ಆರು, 12 ಡಿಬಿ. ಮೀಟರ್‌ಗೆ ಕಾಣೋದು ಚೂರೇ ಚೂರು ವಾಪಸಾತಿ. ಒಣಗಿದ ಕೇಬಲ್‌ನಲ್ಲೇ ಅದು ಹೆಚ್ಚುಕಡಿಮೆ 1.7 ತೋರಿಸುತ್ತೆ, ಆಂಟೆನಾ ಇಲ್ಲದೇ! ನನ್ನ ಕೇಬಲ್ ಒಳಗೆ ಮಳೆನೀರು ಹೋಗಿತ್ತು. ನಷ್ಟ 10 ಡಿಬಿ ಹತ್ತಿರ ಹೋಗಿರಬೇಕು. ಅದಕ್ಕೇ 1.2.

ಅಂದ್ರೆ ಕೇಬಲ್ ಹಾಳಾದಷ್ಟೂ ಮೀಟರ್ ಚೆನ್ನಾಗಿ ತೋರಿಸುತ್ತೆ. ನಷ್ಟದ ಕಂಪನಿಯ ಬ್ಯಾಲೆನ್ಸ್ ಶೀಟ್ ಯಾವಾಗಲೂ ನೀಟಾಗಿರುತ್ತೆ ಅಂತ ನಮ್ಮ ಅಕೌಂಟ್ಸ್ ಮೇಷ್ಟ್ರು ಹೇಳ್ತಿದ್ದಿದ್ದು ನೆನಪಾಯ್ತು.

ಹಾಗಾಗಿ ಪರೀಕ್ಷೆ ಹೀಗೆ ಮಾಡಿ. ಆದ್ರೆ ಒಂದು ಸಲ ಮೀಟರನ್ನ ಆಂಟೆನಾ ಬುಡದಲ್ಲೇ ಇಟ್ಟು ನೋಡಿ. ಹೊಸ ಕೇಬಲ್ ಹಾಕಿದ ದಿನ ಬಂದ ಸಂಖ್ಯೆಗಳನ್ನ ಡೈರಿಯಲ್ಲಿ ಬರೆದಿಡಿ. ಆಮೇಲೆ ಕಾರಣವಿಲ್ಲದೆ ಸಂಖ್ಯೆ ಏರಿದ್ರೂ ಅನುಮಾನಿಸಿ, ಇಳಿದ್ರೂ ಅನುಮಾನಿಸಿ. ಈಗ ನ್ಯಾನೋವಿಎನ್‌ಎ ಅನ್ನೋ ಅಂಗೈ ಅಗಲದ ಉಪಕರಣ ಸಿಗುತ್ತೆ. ಆಂಟೆನಾ ಯಾವ ಫ್ರೀಕ್ವೆನ್ಸಿಗೆ ಸರಿಯಾಗಿದೆ, ಕೇಬಲ್ ಎಷ್ಟು ತಿನ್ನುತ್ತೆ ಎರಡನ್ನೂ ಗ್ರಾಫ್ ಹಾಕಿ ತೋರಿಸುತ್ತೆ. ಎರಡು ಮೂರು ಜನ ಸೇರಿ ಒಂದು ತಗೊಂಡ್ರೂ ಸಾಕು.

ಕನೆಕ್ಟರ್: ಚಿಕ್ಕದು, ಆದ್ರೆ ತೊಂದರೆ ಶುರುವಾಗೋದೇ ಇಲ್ಲಿ

ನಿಮ್ಮ ಹಳೇ ಇಯರ್‌ಫೋನ್ ಜ್ಯಾಕ್ ಸಡಿಲವಾದಾಗ ತಿರುಗಿಸಿ ಹಿಡ್ಕೊಂಡ್ರೆ ಮಾತ್ರ ಹಾಡು ಕೇಳ್ತಿತ್ತಲ್ಲ? ಇಲ್ಲೂ ಅದೇ ಕಥೆ.

ನಾಲ್ಕು ಹೆಸರು ಗೊತ್ತಿದ್ರೆ ಸಾಕು. ದೊಡ್ಡ ಸೆಟ್‌ಗಳ ಹಿಂದೆ ಸಾಮಾನ್ಯವಾಗಿ ಇರೋದು ಎಸ್‌ಓ-239 ಅನ್ನೋ ಸಾಕೆಟ್. ಅದಕ್ಕೆ ಕೂರೋ ಪ್ಲಗ್ಗು ಪಿಎಲ್-259. ಗಟ್ಟಿ, ಅಗ್ಗ, 145 ಮೆಗಾಹರ್ಟ್ಸ್‌ವರೆಗೆ ಧಾರಾಳವಾಗಿ ಸಾಕು. ಆದ್ರೆ ನೀರು ತಡೆಯಲ್ಲ. ಎರಡನೇದು ಎನ್ ಕನೆಕ್ಟರ್. ಒಳಗೆ ರಬ್ಬರ್ ವಾಷರ್ ಇರೋದರಿಂದ ಹೊರಗಡೆಗೆ ಒಳ್ಳೇದು, 430 ಮೆಗಾಹರ್ಟ್ಸ್ ಮತ್ತು ಅದರ ಮೇಲಿನ ಬ್ಯಾಂಡ್‌ಗಳಿಗೂ ಸರಿ. ಇದರಲ್ಲಿರೋ ಎನ್, ಬೆಲ್ ಲ್ಯಾಬ್ಸ್‌ನ ಪಾಲ್ ನೀಲ್ ಅವರ ಹೆಸರಿಂದ ಬಂದಿದ್ದು. ಮೂರನೇದು ಬಿಎನ್‌ಸಿ, ಒತ್ತಿ ಕಾಲು ಸುತ್ತು ತಿರುಗಿಸಿದ್ರೆ ಕೂರುತ್ತೆ, ಪದೇ ಪದೇ ಬಿಚ್ಚಿ ಹಾಕೋರಿಗೆ ಅನುಕೂಲ. ನಾಲ್ಕನೇದು ಎಸ್‌ಎಂಎ, ಕೈ ಸೆಟ್‌ಗಳಲ್ಲಿರೋ ಪುಟಾಣಿ ಕನೆಕ್ಟರ್.

ಎಸ್‌ಎಂಎ ವಿಷಯದಲ್ಲಿ ಆನ್‌ಲೈನ್ ಆರ್ಡರ್ ಮಾಡೋವಾಗ ಎರಡು ಕಡೆ ಎಡವ್ತೀರಿ. ಕೆಲವು ಕೈ ಸೆಟ್‌ಗಳ ಮೇಲೆ ಪಿನ್ ಇರುತ್ತೆ, ಕೆಲವದರಲ್ಲಿ ತೂತು ಇರುತ್ತೆ. ಆರ್ಡರ್ ಮಾಡೋಕೆ ಮುಂಚೆ ನಿಮ್ಮ ಸೆಟ್‌ನ ಆಂಟೆನಾ ಬಿಚ್ಚಿ ನೋಡಿ. ಎರಡನೇದು, ವೈ-ಫೈ ರೂಟರ್‌ಗಳಲ್ಲಿ ಬರೋದು ಆರ್‌ಪಿ-ಎಸ್‌ಎಂಎ. ನೋಡೋಕೆ ಒಂದೇ ಥರ, ತಿರುಪು ಸರಿಯಾಗಿ ಕೂರುತ್ತೆ, ಆದ್ರೆ ಪಿನ್ನು ತೂತು ಅದಲುಬದಲು. ಒಳಗಡೆ ಸಂಪರ್ಕವೇ ಆಗಿರಲ್ಲ. ಇನ್ನೊಂದು ಮಾತು: ದಪ್ಪ ಕೇಬಲ್ಲನ್ನ ನೇರವಾಗಿ ಕೈ ಸೆಟ್‌ಗೆ ತಿರುಪಬೇಡಿ, ಭಾರಕ್ಕೆ ಸಾಕೆಟ್ ಮುರಿಯುತ್ತೆ. ಮಧ್ಯದಲ್ಲಿ ಒಂದಡಿ ತೆಳ್ಳನೆ ಕೇಬಲ್ ತುಂಡು ಇರಲಿ.

ಪಿಎಲ್-259 ಬೆಸುಗೆ ಹಾಕೋಕೆ ಮೊಬೈಲ್ ರಿಪೇರಿಯ 25 ವ್ಯಾಟ್ ಸೋಲ್ಡರಿಂಗ್ ಐರನ್ ಸಾಲಲ್ಲ. ಲೋಹ ದಪ್ಪ ಇರೋದರಿಂದ ಬಿಸಿ ಹಿಡಿಯೋದರೊಳಗೆ ಒಳಗಿನ ಪ್ಲಾಸ್ಟಿಕ್ ಕರಗಿಹೋಗುತ್ತೆ. 80ರಿಂದ 100 ವ್ಯಾಟಿನದು ಇಟ್ಟು ಬೇಗ ಮುಗಿಸಿ. ಆಮೇಲೆ ಮಲ್ಟಿಮೀಟರ್ ಹಿಡೀರಿ. ಈ ತುದಿಯ ನಡು ಪಿನ್ನಿಂದ ಆ ತುದಿಯ ನಡು ಪಿನ್ನಿಗೆ ಬೀಪ್ ಬರಬೇಕು. ನಡು ಪಿನ್ನಿಂದ ಹೊರ ಕವಚಕ್ಕೆ ಬೀಪ್ ಬರಲೇಬಾರದು. ಕೊನೆಗೆ ಕೇಬಲ್ ಹಿಡಿದು ಗಟ್ಟಿಯಾಗಿ ಒಂದು ಸಲ ಎಳೀರಿ. ಬಿಚ್ಚಿಬಂದ್ರೆ ಟೇಬಲ್ ಮೇಲೇ ಬರಲಿ, ಕಂಬದ ತುದಿಯಲ್ಲಿ ಬೇಡ.

ನೀರು ಒಳಗೆ ಹೋಗೋ ದಾರಿ

ಕೇಬಲ್‌ನ ಹೊರ ಜಾಲರಿ ದೀಪದ ಬತ್ತಿ ಇದ್ದ ಹಾಗೆ. ಬತ್ತಿ ಎಣ್ಣೆ ಹೀರೋ ಹಾಗೆ ಅದು ನೀರು ಹೀರುತ್ತೆ, ಮೇಲಿನ ಕನೆಕ್ಟರ್‌ನಿಂದ ಮೀಟರ್‌ಗಟ್ಟಲೆ ಒಳಗೆ ಇಳಿಯುತ್ತೆ. ಒಂದು ಸಲ ಜಾಲರಿ ಕಪ್ಪಾಯ್ತು ಅಂದ್ರೆ ಆ ಕೇಬಲ್ ಮುಗೀತು. ಒಣಗಿಸಿದ್ರೂ ಸರಿಹೋಗಲ್ಲ.

ತಡೆಯೋದು ಹೀಗೆ. ಕನೆಕ್ಟರ್ ಬಿಗಿ ಮಾಡಿದ ಮೇಲೆ ಮೊದಲು ಒಂದು ಸುತ್ತು ಮಾಮೂಲಿ ಎಲೆಕ್ಟ್ರಿಕಲ್ ಟೇಪ್. ಮುಂದೆ ಯಾವತ್ತೋ ಬಿಚ್ಚಬೇಕಾದಾಗ ಕನೆಕ್ಟರ್‌ಗೆ ಅಂಟು ಮೆತ್ತಿರಬಾರದಲ್ಲ, ಅದಕ್ಕೆ. ಅದರ ಮೇಲೆ ತನಗೆ ತಾನೇ ಅಂಟ್ಕೊಳ್ಳೋ ರಬ್ಬರ್ ಟೇಪ್, ಚೆನ್ನಾಗಿ ಎಳೆದು ಸುತ್ತಬೇಕು, ಎಳೆದ್ರೆ ಮಾತ್ರ ಪದರಗಳು ಒಂದಾಗೋದು. ಅದರ ಮೇಲೆ ಮತ್ತೆ ಎಲೆಕ್ಟ್ರಿಕಲ್ ಟೇಪ್, ಬಿಸಿಲಿಂದ ರಬ್ಬರನ್ನ ಕಾಪಾಡೋಕೆ. ಈ ಕೊನೆಯ ಪದರವನ್ನ ಕೆಳಗಿಂದ ಮೇಲಕ್ಕೆ ಸುತ್ತಿ. ಮಂಗಳೂರು ಹೆಂಚು ಹೊದಿಸಿದ ಹಾಗೆ, ಮೇಲಿನ ಅಂಚು ಕೆಳಗಿನದರ ಮೇಲೆ ಬರಬೇಕು. ಮೇಲಿಂದ ಕೆಳಕ್ಕೆ ಸುತ್ತಿದ್ರೆ ಪ್ರತಿ ಅಂಚೂ ನೀರು ಹಿಡಿಯೋ ಬಟ್ಟಲಾಗುತ್ತೆ. ನಾನು ಸುತ್ತಿದ್ದು ಹಾಗೇ.

ಕೇಬಲ್ ಮನೆಯೊಳಗೆ ಬರೋ ಜಾಗದಲ್ಲಿ ತೂತಿಗಿಂತ ಒಂದಡಿ ಕೆಳಗೆ ಇಳಿಸಿ ಮತ್ತೆ ಮೇಲೆತ್ತಿ ಒಳಗೆ ತನ್ನಿ. ನೀರು ಆ ಬಾಗಿದ ಜಾಗದಲ್ಲೇ ತೊಟ್ಟಿಕ್ಕಿ ಬೀಳುತ್ತೆ. ಅಳಿಲು, ಇಲಿ, ಕೋತಿ ಕಾಟ ಇರೋ ಕಡೆ ಕೇಬಲ್ಲನ್ನ ಪೈಪ್ ಒಳಗೆ ತನ್ನಿ. ಕೋತಿಗಳಿಗೆ ನೇತಾಡೋ ಕಪ್ಪು ಕೇಬಲ್ ಕಂಡ್ರೆ ಎಳೀದೇ ಮನಸ್ಸು ತಡೆಯಲ್ಲ.

ಮೊದಲ ಆಂಟೆನಾ: ಕೊಳ್ಳಬೇಡಿ, ಮಾಡಿ

145 ಮೆಗಾಹರ್ಟ್ಸ್‌ಗೆ ಮನೆಯಲ್ಲೇ ಒಂದು ಆಂಟೆನಾ ಅರ್ಧ ದಿನದಲ್ಲಿ ಆಗುತ್ತೆ. ನಾಲ್ಕು ಮೂಲೆಗೆ ನಾಲ್ಕು ತೂತಿರೋ ಎಸ್‌ಓ-239 ಸಾಕೆಟ್ ಒಂದು, ಗಟ್ಟಿ ತಾಮ್ರದ ತಂತಿ ಅಥವಾ ಹಿತ್ತಾಳೆಯ ಬ್ರೇಜಿಂಗ್ ರಾಡ್ ಐದು. ನಡುವಿನ ಪಿನ್ನಿಗೆ 49 ಸೆಂಟಿಮೀಟರಿನ ಒಂದು ಕಡ್ಡಿ ನೆಟ್ಟಗೆ ಮೇಲಕ್ಕೆ. ನಾಲ್ಕು ತೂತಿಗೆ 51 ಸೆಂಟಿಮೀಟರಿನ ನಾಲ್ಕು ಕಡ್ಡಿ, 45 ಡಿಗ್ರಿ ಕೆಳಕ್ಕೆ ಬಾಗಿಸಿ. ಬಾಗಿಸೋದು ಅಂದಕ್ಕಲ್ಲ. ಅಡ್ಡಡ್ಡ ಇಟ್ರೆ ಸುಮಾರು 36 ಓಮ್ ಬರುತ್ತೆ, ಬಾಗಿಸಿದ್ರೆ 50ರ ಹತ್ತಿರ ಬರುತ್ತೆ. ಕಡ್ಡಿಗಳನ್ನ ಒಂದೆರಡು ಸೆಂಟಿಮೀಟರ್ ಉದ್ದವೇ ಇಟ್ಟು, ಮೀಟರ್ ನೋಡ್ತಾ ಕತ್ತರಿಸಿ. ಕತ್ತರಿಸಿದ್ದನ್ನ ಮತ್ತೆ ಅಂಟಿಸೋಕಾಗಲ್ಲ.

ಇದನ್ನ ಎಷ್ಟು ಎತ್ತರಕ್ಕೆ ಇಡ್ತೀರೋ ಅಷ್ಟು ದೂರ ಕಾಣುತ್ತೆ. ಎತ್ತರವನ್ನ ಮೀಟರ್‌ನಲ್ಲಿ ತಗೊಂಡು, ಅದರ ವರ್ಗಮೂಲವನ್ನ 4.1ರಿಂದ ಗುಣಿಸಿದ್ರೆ ರೇಡಿಯೋ ದಿಗಂತ ಎಷ್ಟು ಕಿಲೋಮೀಟರ್ ಅಂತ ಸಿಗುತ್ತೆ. ಬಯಲಲ್ಲಿ ನಿಂತು ಕೈಯಲ್ಲಿ ಹಿಡಿದ ಸೆಟ್‌ಗೆ 5 ಕಿಲೋಮೀಟರ್. ನೆಲದಿಂದ 16 ಮೀಟರ್ ಎತ್ತರದ ಆಂಟೆನಾಗೆ 16 ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು. ಎದುರಿನವರದ್ದೂ ಅಷ್ಟೇ ಎತ್ತರ ಇದ್ರೆ ಎರಡನ್ನೂ ಕೂಡಿಸಿ. ಮಧ್ಯೆ ಗುಡ್ಡ, ಅಪಾರ್ಟ್‌ಮೆಂಟ್ ಬಂದ್ರೆ ಲೆಕ್ಕ ಬೇರೆ.

ದೂರದ ಊರು, ಬೇರೆ ರಾಜ್ಯ ಹಿಡೀಬೇಕು ಅಂದ್ರೆ 7 ಮೆಗಾಹರ್ಟ್ಸ್ ಬೇಕು. ಅದಕ್ಕೆ ತಂತಿಯ ಡೈಪೋಲ್. 143ನ್ನ ಫ್ರೀಕ್ವೆನ್ಸಿಯಿಂದ ಭಾಗಿಸಿ: 7.1ಕ್ಕೆ ಸುಮಾರು 20 ಮೀಟರ್, ನಡುವೆ ಕತ್ತರಿಸಿ ಎರಡು ತೋಳು, ತಲಾ 10 ಮೀಟರ್. "ನಮ್ಮದು 30-40 ಸೈಟು, 20 ಮೀಟರ್ ಎಲ್ಲಿಂದ ತರೋದು?" ಅಂತೀರಾ. ಶಾಲೆಯ ಪೈಥಾಗೊರಸ್ ಇಲ್ಲಿ ಕೆಲಸಕ್ಕೆ ಬರ್ತಾನೆ. 30 ಅಡಿ, 40 ಅಡಿ ಸೈಟಿನ ಕರ್ಣ ಸರಿಯಾಗಿ 50 ಅಡಿ, ಅಂದ್ರೆ 15 ಮೀಟರ್ ಚಿಲ್ಲರೆ. ತಾರಸಿ ನಡುವೆ 30 ಅಡಿ ಕಂಬ ನಿಲ್ಲಿಸಿ, ಎರಡು ತೋಳನ್ನೂ ಎದುರುಬದುರು ಮೂಲೆಗೆ ಇಳಿಜಾರಾಗಿ ತನ್ನಿ. ತುದಿಗಳು ತಾರಸಿಯಿಂದ 8 ಅಡಿ ಎತ್ತರದಲ್ಲಿ ನಿಂತ್ರೆ, ನೆಲದ ಮೇಲೆ ಬೇಕಾಗೋ ಅಳತೆ 15 ಮೀಟರ್. ಸರಿಯಾಗಿ ಕೂತ್ಕೊಳ್ಳುತ್ತೆ! ಸೈಟ್ ಸುತ್ತ ಜಾಗ ಬಿಟ್ಟು ಕಟ್ಟಿದ್ರೆ ತುದಿಯ ಒಂದೆರಡು ಮೀಟರನ್ನ ಪಕ್ಕಕ್ಕೆ ಮಡಚಿ, ಪರವಾಗಿಲ್ಲ. ಆ 8 ಅಡಿ ಮಾತ್ರ ಬಿಡಬೇಡಿ. ಮಾತಾಡೋವಾಗ ತಂತಿಯ ತುದಿಯಲ್ಲಿ ಹೆಚ್ಚಿನ ವೋಲ್ಟೇಜ್ ಇರುತ್ತೆ, ಬಟ್ಟೆ ಒಣಗಿಸೋಕೆ ಬಂದ ಅಮ್ಮನ ಕೈಗೆ ಅದು ಸಿಗಬಾರದು.

ಕಂಬ, ಗಾಳಿ, ಬಿಗಿತಂತಿ

30 ಅಡಿ ಅಂದ ಕೂಡಲೇ ಪೈಪ್ ತರೋಕೆ ಓಡಬೇಡಿ. ಒಂದೂವರೆ ಇಂಚಿನ ಮಧ್ಯಮ ದರ್ಜೆಯ ಜಿಐ ಪೈಪ್, ನೀಲಿ ಪಟ್ಟಿ ಇರೋದು, ಮೀಟರಿಗೆ ಮೂರೂವರೆ ಕೆಜಿಗಿಂತ ಹೆಚ್ಚು ತೂಗುತ್ತೆ. 30 ಅಡಿಗೆ 30 ಕೆಜಿ ದಾಟುತ್ತೆ. ಇಬ್ಬರು ಎತ್ತೋ ವಸ್ತು ಅಲ್ಲ ಅದು. ತೂಕ ಒಂದು ಕಡೆಯಾದ್ರೆ ಗಾಳಿ ಇನ್ನೊಂದು ಕಡೆ. ಗಾಳಿಯ ವೇಗ ಎರಡರಷ್ಟಾದ್ರೆ ಒತ್ತಡ ನಾಲ್ಕರಷ್ಟಾಗುತ್ತೆ. ಭಾರತೀಯ ಮಾನಕ ಐಎಸ್ 875ರ ಪ್ರಕಾರ ಕಟ್ಟಡ ವಿನ್ಯಾಸಕ್ಕೆ ಬೆಂಗಳೂರಿನ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿನದು 39. ನೋಡೋಕೆ 6 ಅಷ್ಟೇ ವ್ಯತ್ಯಾಸ, ಆದ್ರೆ ಒತ್ತಡ ನೂರಕ್ಕೆ 40ರಷ್ಟು ಹೆಚ್ಚು. ಬೆಂಗಳೂರಿನ ಗೆಳೆಯನ ಕಂಬ ನೋಡಿ ಕರಾವಳಿಯಲ್ಲಿ ಅದನ್ನೇ ನಕಲು ಮಾಡಬೇಡಿ.

ಕಂಬವನ್ನ ನಿಲ್ಲಿಸೋದು ಬುಡ ಅಲ್ಲ, ಸುತ್ತ ಎಳೆದು ಕಟ್ಟೋ ಗೈ ತಂತಿಗಳು. ತಂತಿ ಕಟ್ಟೋ ಜಾಗ ಕಂಬದ ಬುಡದಿಂದ, ಕಂಬದ ಎತ್ತರದ ನೂರಕ್ಕೆ 60ರಿಂದ 80ರಷ್ಟು ದೂರ ಇರಲಿ. ತಾರಸಿಯ ನಾಲ್ಕು ಮೂಲೆಗೆ ನಾಲ್ಕು ತಂತಿ ಅನುಕೂಲ. 30 ಅಡಿಗೆ ಎರಡು ಹಂತದಲ್ಲಿ ಕಟ್ಟಿ, ನಡುವೆ ಒಂದು, ಮೇಲೆ ಒಂದು. ಇಟ್ಟಿಗೆ ಪ್ಯಾರಾಪೆಟ್‌ಗೆ, ನೀರಿನ ಟ್ಯಾಂಕ್ ಪೈಪ್‌ಗೆ ಕಟ್ಟಬೇಡಿ, ಕಾಂಕ್ರೀಟ್ ಪಿಲ್ಲರ್‌ಗೆ ಹಾಕಿದ ಕೊಕ್ಕೆಗೆ ಕಟ್ಟಿ. ಅಂಗಡಿಯಲ್ಲಿ ಸಿಗೋ ಬಿಳಿ ಪ್ಲಾಸ್ಟಿಕ್ ಹಗ್ಗ ನಮ್ಮ ಬಿಸಿಲಿಗೆ ಪುಡಿಪುಡಿಯಾಗುತ್ತೆ. ಹಗ್ಗವೇ ಬೇಕಂದ್ರೆ ಬಿಸಿಲು ತಡೆಯೋ ಪಾಲಿಯೆಸ್ಟರ್ ತಗೊಳ್ಳಿ. ಬಾಡಿಗೆ ಮನೆ, ಅಪಾರ್ಟ್‌ಮೆಂಟ್ ಆದ್ರೆ ಮಾಲೀಕರ ಒಪ್ಪಿಗೆ ಮೊದಲು. ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಎತ್ತರಕ್ಕೆ ಮಿತಿ ಇರುತ್ತೆ, ವಿಚಾರಿಸಿಕೊಳ್ಳಿ.

ಬಿಡಬೇಡಿ ಅಂದಿದ್ದ ಭಾಗ

ನನ್ನ ಮೊದಲ ಕಂಬ 20 ಅಡಿಯದು. ನಾನು, ನನ್ನ ತಮ್ಮ, ಇಬ್ಬರೇ. ಅವನು ಪೈಪ್ ಹಿಡಿದು ಮಲಗಿದ್ದನ್ನ ಎತ್ತಿ ನಿಲ್ಲಿಸ್ತಾ ಇದ್ದ, ನಾನು ಬುಡಕ್ಕೆ ಕಾಲು ಕೊಟ್ಟಿದ್ದೆ. ಪೈಪ್ ಅರ್ಧ ಎದ್ದಿತ್ತು, ತುದಿ ರಸ್ತೆ ಕಡೆ ವಾಲ್ತಾ ಇತ್ತು. ಕೆಳಗಿಂದ ಕೂಗು ಕೇಳಿಸ್ತು: "ನಿಲ್ಸೋ! ಅಲ್ಲೇ ನಿಲ್ಸು! ಮೇಲೆ ನೋಡ್ರೋ!"

ಅಂಕಲ್ ಹಾಲು ತರೋಕೆ ಹೊರಟಿದ್ರು. ನಾವು ತಲೆ ಎತ್ತಿ ನೋಡಿದ್ವಿ. ರಸ್ತೆ ಬದಿಯ 11 ಸಾವಿರ ವೋಲ್ಟ್ ಲೈನು, ಪೈಪ್ ತುದಿಯಿಂದ ಹತ್ತಿರ ಹತ್ತಿರ ಒಂದು ಮಾರು. ನಾವಿಬ್ಬರೂ ಬೆಳಗಿಂದ ಆ ತಾರಸಿ ಮೇಲೇ ಇದ್ವಿ. ಹುಟ್ಟಿದಾಗಿಂದ ನೋಡ್ತಿರೋ ತಂತಿ ಅದು. ಅದಕ್ಕೇ ಕಣ್ಣಿಗೆ ಕಂಡಿರಲಿಲ್ಲ.

ನಿಧಾನವಾಗಿ ಪೈಪ್ ಇಳಿಸಿದ್ವಿ. ಅಂಕಲ್ ಮೇಲೆ ಬಂದು ಬೈತಾರೆ ಅಂದ್ಕೊಂಡಿದ್ದೆ. ಬೈಲಿಲ್ಲ. ತಮ್ಮನ ಪಕ್ಕ ಕೂತು ಅವನ ಬೆನ್ನು ಸವರಿದ್ರು. ಅವನ ಕೈ ನಡುಗ್ತಾ ಇತ್ತು. ಅವತ್ತು ಅವರು ಹೇಳ್ಕೊಟ್ಟಿದ್ದನ್ನ ಹಾಗೇ ನಿಮಗೆ ದಾಟಿಸ್ತೀನಿ.

ಒಂದು: ಕಂಬ, ಅದರ ಮೇಲಿನ ಆಂಟೆನಾ ಎರಡೂ ಸೇರಿ ಯಾವ ದಿಕ್ಕಿಗೆ ಅಡ್ಡಬಿದ್ರೂ ಕರೆಂಟ್ ಲೈನ್‌ನಿಂದ ಕನಿಷ್ಠ 10 ಅಡಿ ದೂರ ಉಳಿಯಬೇಕು. ಅಷ್ಟು ಜಾಗ ಇಲ್ಲದಿದ್ರೆ ಕಂಬದ ಆಸೆ ಬಿಡಿ. ಬಾಲ್ಕನಿಯಲ್ಲಿ ಆ 49 ಸೆಂಟಿಮೀಟರಿನ ಆಂಟೆನಾ ಸಾಕು.

ಎರಡು: ಲೈನ್‌ನ ಮೇಲಿಂದ ಆಗಲಿ ಕೆಳಗಿಂದ ಆಗಲಿ ಆಂಟೆನಾ ತಂತಿ ಎಳೀಬೇಡಿ. ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇದೆ ಅನ್ನೋ ಧೈರ್ಯ 11 ಸಾವಿರ ವೋಲ್ಟ್ ಎದುರು ಏನೂ ಅಲ್ಲ.

ಮೂರು: ಎತ್ತೋವಾಗ ಒಬ್ಬರು ಏನೂ ಕೆಲಸ ಮಾಡದೆ ಬರೀ ಮೇಲೆ ನೋಡ್ತಾ ನಿಂತಿರಬೇಕು. ಅವರು ನಿಲ್ಸಿ ಅಂದ್ರೆ ಎಲ್ಲರೂ ನಿಲ್ಲಿಸಬೇಕು.

ನಾಲ್ಕು: ಕಂಬ ಕೈತಪ್ಪಿ ಲೈನ್ ಕಡೆ ಬೀಳೋಕೆ ಶುರುವಾದ್ರೆ ಹಿಡಿಯೋಕೆ ಹೋಗಬೇಡಿ. ಬಿಟ್ಟು ಓಡಿ. ಪೈಪ್ ಇನ್ನೊಂದು ಸಿಗುತ್ತೆ.

ಐದು: ಒಬ್ಬರೇ ಇದ್ದಾಗ, ಮಳೆಯಲ್ಲಿ, ಗಾಳಿಯಲ್ಲಿ, ಕತ್ತಲಲ್ಲಿ ಈ ಕೆಲಸ ಬೇಡ.

ಸಿಡಿಲಿನ ಬಗ್ಗೆಯೂ ಹೇಳಿಬಿಡ್ತೀನಿ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ಬರೋದು ಸಿಡಿಲಿನ ಜೊತೆಗೇ. ಲೋಹದ ಕಂಬಕ್ಕೆ ಎಲೆಕ್ಟ್ರಿಷಿಯನ್ ಕರೆದು ಅರ್ಥಿಂಗ್ ಮಾಡಿಸಿ, ಅದನ್ನ ಮನೆಯ ಅರ್ಥಿಂಗ್‌ಗೂ ಜೋಡಿಸಬೇಕು. ಕೇಬಲ್ ಮನೆಗೆ ಬರೋ ಜಾಗದಲ್ಲಿ ಅರೆಸ್ಟರ್ ಹಾಕಿ. ಆದ್ರೆ ಇದ್ಯಾವುದೂ ನೇರ ಹೊಡೆತ ತಡೆಯೋ ಗ್ಯಾರಂಟಿ ಕೊಡಲ್ಲ. ಮೋಡ ಕಟ್ಟೋಕೆ ಮುಂಚೆಯೇ ಕೇಬಲ್ ಬಿಚ್ಚಿ ಮನೆಯಿಂದ ಹೊರಗೆ ಹಾಕಿ, ಸೆಟ್‌ನ ಕರೆಂಟ್ ಪ್ಲಗ್ಗೂ ತೆಗೀರಿ. ಗುಡುಗು ಶುರುವಾದ ಮೇಲೆ ನೆನಪಾಯ್ತಾ? ಕೇಬಲ್ ಮುಟ್ಟಬೇಡಿ, ಸೆಟ್ ಹೋದ್ರೆ ಹೋಗಲಿ.

ಕೊನೆಗೆ, ಬಜೆಟ್

ಇಷ್ಟು ಕೇಳಿದ ಮೇಲೂ "ಯಾವ ಸೆಟ್?" ಅಂತ ಕೇಳಿದ್ರೆ ನನ್ನ ಉತ್ತರ ಇಷ್ಟೇ. ಕೈಯಲ್ಲಿರೋ ದುಡ್ಡನ್ನ ಎರಡು ಭಾಗ ಮಾಡಿ. ಒಂದರಲ್ಲಿ ಸೆಟ್, ಸೆಕೆಂಡ್ ಹ್ಯಾಂಡ್ ಆದ್ರೂ ಚಿಂತೆ ಇಲ್ಲ, ಆದ್ರೆ ಮಾರೋರು ಕೊಳ್ಳೋರು ಇಬ್ಬರ ಹತ್ತಿರವೂ ಲೈಸೆನ್ಸ್ ಇರಲಿ. ಇನ್ನೊಂದರಲ್ಲಿ ಕೇಬಲ್, ಕನೆಕ್ಟರ್, ಟೇಪು, ಅರ್ಥಿಂಗ್. ಆಂಟೆನಾ ಕೈಯಲ್ಲೇ ಮಾಡಿ. ಸೆಟ್ ಮುಂದೆ ಬದಲಾಯಿಸಬಹುದು. ಸರಿಯಾಗಿ ಹಾಕಿದ ಕೇಬಲ್ ಮಾತ್ರ ಎರಡನೇ ಸೆಟ್‌ಗೂ ಮೂರನೇ ಸೆಟ್‌ಗೂ ದುಡಿಯುತ್ತೆ. ವರ್ಷಕ್ಕೊಂದು ಸಲ, ಮಳೆಗಾಲಕ್ಕೆ ಮುಂಚೆ, ಎಲ್ಲ ಕನೆಕ್ಟರ್ ಬಿಚ್ಚಿ ನೋಡಿ, ಟೇಪ್ ಹೊಸದಾಗಿ ಸುತ್ತಿ.

ನನ್ನ ಹಳೇ 30 ಮೀಟರ್ ಕೇಬಲ್ಲನ್ನ ಬಿಸಾಕಿಲ್ಲ. ಒಂದು ತುಂಡು ಸೀಳಿ ಟೇಬಲ್ ಮೇಲೆ ಇಟ್ಕೊಂಡಿದೀನಿ. ಜಾಲರಿ ಇದ್ದಿಲಿನ ಹಾಗೆ ಕಪ್ಪಾಗಿದೆ. ಹೊಸದಾಗಿ ಲೈಸೆನ್ಸ್ ತಗೊಂಡು "ಅಕ್ಕಾ, ಯಾವ ಸೆಟ್?" ಅಂತ ಬರೋ ಹುಡುಗರ ಕೈಗೆ ಮೊದಲು ಅದನ್ನೇ ಕೊಡ್ತೀನಿ.

ನಿಮ್ಮ ತಾರಸಿಯ ಅಳತೆ, ಕೇಬಲ್ ಉದ್ದ, ಹತ್ತಿರದ ಲೈನ್ ಎಷ್ಟು ದೂರ ಇದೆ, ಮೂರನ್ನೂ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅಂಕಲ್ಲನ್ನೇ ಕೂರಿಸ್ಕೊಂಡು ಒಂದೊಂದಕ್ಕೂ ಉತ್ತರ ಕೊಡೋಣ. ಹ್ಯಾಮ್‌ಗಳು ಮಾತು ಮುಗಿಸೋವಾಗ ಶುಭಾಶಯಕ್ಕೆ ಒಂದು ಸಂಖ್ಯೆ ಹೇಳ್ತಾರೆ. ಅದನ್ನೇ ಹೇಳಿ ಮುಗಿಸ್ತೀನಿ: 73. ತಲೆ ಎತ್ತಿ ನೋಡೋದನ್ನ ಮರೀಬೇಡಿ.